ನೆರೆಮನೆಯ ಕಿಚ್ಚು: ಒಂದು ರೂಪಕದ ಪರೀಕ್ಷೆ

ಅಲಂಕಾರಶಾಸ್ತ್ರವನ್ನು ವರ್ಷಗಟ್ಟಲೆ ಪಾಠ ಹೇಳುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಬೆಳಗಿನ ಕಾಫಿಯೊಡನೆ ದಿನಪತ್ರಿಕೆ ಓದುವಾಗಲೂ ಸುದ್ದಿಗಿಂತ ಮೊದಲು ಸುದ್ದಿಯೊಳಗಿನ ಉಪಮೆ ರೂಪಕಗಳೇ ಅವನ ಕಣ್ಣಿಗೆ ಬೀಳುತ್ತವೆ. ಬೆಲೆ ‘ಗಗನಕ್ಕೇರಿತು’ ಎಂದರೆ ನಕ್ಕು ಮುಂದೆ ಹೋಗಬಹುದು; ಅದರಿಂದ ಯಾರಿಗೂ ಹೆಚ್ಚಿನ ಹಾನಿಯಿಲ್ಲ. ಆದರೆ ಕೆಲವು ರೂಪಕಗಳು ನಮ್ಮ ಪರವಾಗಿ ತಾವೇ ಆಲೋಚನೆ ಮಾಡಿಬಿಡುತ್ತವೆ. ಅಂಥ ಒಂದು ರೂಪಕಕ್ಕೆ ನಾನೂ ಒಮ್ಮೆ ಮೋಸಹೋದೆ. ಆ ಲೆಕ್ಕವನ್ನು ತೀರಿಸುವುದಕ್ಕಾಗಿ ಈ ಬರಹ.

2011ರ ಫೆಬ್ರವರಿ. ಈಜಿಪ್ಟಿನ ಅಧ್ಯಕ್ಷ ಹೊಸ್ನಿ ಮುಬಾರಕ್ ಮೂವತ್ತು ವರ್ಷದ ಆಳ್ವಿಕೆಯನ್ನು ಬಿಟ್ಟಿಳಿದು ಎರಡು ಮೂರು ದಿನವಾಗಿತ್ತು. ಅದಕ್ಕೆ ನಾಲ್ಕು ವಾರ ಮೊದಲು, ಜನವರಿ 14ರಂದು, ಟುನೀಸಿಯದ ಬೆನ್ ಅಲಿ ದೇಶಬಿಟ್ಟು ಓಡಿದ್ದ. ಆ ದಿನ ತರಗತಿಯಲ್ಲಿ ರೂಪಕಾಲಂಕಾರದ ಪಾಠ. ಉದಾಹರಣೆಗೆಂದು ಪತ್ರಿಕೆಯ ಶೀರ್ಷಿಕೆಯನ್ನೇ ಎತ್ತಿಕೊಂಡು, ‘ಅರಬ್ ನಾಡುಗಳಲ್ಲಿ ದಂಗೆಯ ಕಾಳ್ಗಿಚ್ಚು’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಲ್ಲಿದ್ದ ಕರಾವಳಿಯ ಹುಡುಗನೊಬ್ಬ ಎದ್ದು ನಿಂತು, “ನಮ್ಮ ತಂದೆ ಬಹರೈನಿನಲ್ಲಿ ಕೆಲಸಕ್ಕಿದ್ದಾರೆ ಸಾರ್. ಅಲ್ಲಿಗೂ ಬರುತ್ತದೆಯೆ?” ಎಂದು ಕೇಳಿದ. ನಾನು ತುಂಬ ಧೈರ್ಯದಿಂದ, “ಬಾರದೆ ಏನು? ಒಂದು ಮರ ಹೊತ್ತಿಕೊಂಡರೆ ಪಕ್ಕದ ಮರ ಎಷ್ಟು ಹೊತ್ತು ನಿಂತೀತು? ಒಂದು ವರ್ಷದಲ್ಲಿ ಆ ಕಡೆಯ ದೊರೆ ಒಬ್ಬನೂ ಉಳಿಯಲಾರ” ಎಂದೆ.

ಅದು ಬಹರೈನಿಗೆ ಬಂದುದು ನಿಜ. ಆ ವಾರವೇ, ಫೆಬ್ರವರಿ 14ರಂದು ಜನ ಬೀದಿಗಿಳಿದು, ರಾಜಧಾನಿ ಮನಾಮದಲ್ಲಿ ಮುತ್ತಿನ ಸ್ಮಾರಕವಿದ್ದ ವೃತ್ತದಲ್ಲಿ ನೆರೆದರು. ಒಂದು ತಿಂಗಳಾದ ಮೇಲೆ, ಮಾರ್ಚ್ 14ರಂದು, ಸಮುದ್ರದ ಮೇಲಿನ ಸೇತುವೆ ದಾಟಿ ನೆರೆಯ ಸೌದಿ ಅರೇಬಿಯದ ಸುಮಾರು 1,000 ಸೈನಿಕರೂ ಎಮಿರೇಟುಗಳ ಸುಮಾರು 500 ಪೊಲೀಸರೂ ಬಂದಿಳಿದರು. ವೃತ್ತವನ್ನು ತೆರವು ಮಾಡಿದರು. ಮಾರ್ಚ್ 18ರಂದು ಸ್ಮಾರಕವನ್ನೇ ಕೆಡವಿಹಾಕಿದರು. ದೊರೆ ಅಲ್ಲಿಯೇ ಉಳಿದ. ಆ ಹುಡುಗನ ತಂದೆ ಕ್ಷೇಮವಾಗಿದ್ದರು. ನನ್ನ ಭವಿಷ್ಯವಾಣಿ ಮಾತ್ರ ಕ್ಷೇಮವಾಗಿ ಉಳಿಯಲಿಲ್ಲ.

ಹಾಗಾದರೆ ನಿರಂಕುಶ ಪ್ರಭುತ್ವವಿರುವ ಒಂದು ನಾಡಿನಲ್ಲಿ ಜನ ದಂಗೆಯೆದ್ದರೆ ಅದು ಪಕ್ಕದ ನಾಡಿಗೆ ಹಬ್ಬುತ್ತದೆಯೆ, ಇಲ್ಲವೆ? ರಾಜಕೀಯಶಾಸ್ತ್ರಜ್ಞರು ಇದನ್ನು ಕುರಿತು ರಾಶಿ ರಾಶಿ ಬರೆದಿದ್ದಾರೆ. ನಾನು ಅವರ ಪಂಕ್ತಿಯವನಲ್ಲ. ಅರಬ್ಬೀ ಬಲ್ಲವನೂ ಅಲ್ಲ. ನನಗೆ ತಿಳಿದ ವಿದ್ಯೆ ಮಾತನ್ನು ಹಿಡಿದು ನೋಡುವುದು. ಆದುದರಿಂದ ಮೊದಲು ‘ಹಬ್ಬುವುದು’ ಎಂಬ ಮಾತನ್ನೇ ನೋಡೋಣ.

ಈ ಸಂಗತಿಗೆ ಬಳಕೆಯಾದ ರೂಪಕಗಳು ಮುಖ್ಯವಾಗಿ ಮೂರು: ಕಿಚ್ಚು, ಸೋಂಕು, ವಸಂತ. ಮೂರರಲ್ಲಿಯೂ ಒಂದು ಸಾಮಾನ್ಯ ಗುಣವಿದೆ. ಕಿಚ್ಚು ಹತ್ತಿದ ಮರ ತಾನು ಉರಿಯಬೇಕೆಂದು ಬಯಸಿದುದಲ್ಲ. ಸೋಂಕು ತಗುಲಿದವನು ಅದನ್ನು ಕೇಳಿ ಪಡೆದವನಲ್ಲ. ಋತುಮಾನ ಯಾರ ಅಪ್ಪಣೆಗೂ ಕಾಯುವುದಿಲ್ಲ. ಎಂದರೆ, ಈ ಮೂರು ರೂಪಕಗಳೂ ಬೀದಿಗಿಳಿದ ಮನುಷ್ಯನಿಂದ ಅವನ ಸಂಕಲ್ಪವನ್ನು ಕಿತ್ತುಕೊಳ್ಳುತ್ತವೆ. ಅಷ್ಟೇ ಅಲ್ಲ, ಪ್ರತಿಯೊಂದೂ ತನ್ನ ಚಿಕಿತ್ಸೆಯನ್ನು ತಾನೇ ಸೂಚಿಸುತ್ತದೆ. ಕಿಚ್ಚೆಂದರೆ ಆರಿಸಬೇಕು, ರೋಗವೆಂದರೆ ಊರಬಾಗಿಲು ಮುಚ್ಚಬೇಕು, ವಸಂತವೆಂದರೆ ದೂರದಲ್ಲಿ ಕುಳಿತು ಮೆಚ್ಚಿಕೊಳ್ಳಬೇಕು. ಸೇತುವೆ ದಾಟಿ ಬಂದ ಸೈನ್ಯ ಮೊದಲನೆಯ ರೂಪಕವನ್ನು ಅಕ್ಷರಶಃ ನಡೆಸಿತೆಂದರೆ ತಪ್ಪಾಗಲಾರದು.

ರೂಪಕ ಕೆಟ್ಟದೆಂದಮಾತ್ರಕ್ಕೆ ಸಂಗತಿ ಸುಳ್ಳಾಗುವುದಿಲ್ಲ. ಹಬ್ಬುತ್ತದೆ ಎನ್ನುವವರ ಪಕ್ಷದಲ್ಲಿ ಪಂಚಾಂಗವೇ ಸಾಕ್ಷಿ ನುಡಿಯುತ್ತದೆ. 2010ರ ಡಿಸೆಂಬರ್ 17ರಂದು ಟುನೀಸಿಯದ ಸಿದಿ ಬೂಜಿದ್ ಎಂಬ ಸಾಧಾರಣ ಊರಿನಲ್ಲಿ, ಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ ಮೊಹಮ್ಮದ್ ಬುಅಜೀಜಿ ಅಧಿಕಾರಿಗಳ ಕಿರುಕುಳಕ್ಕೆ ಬೇಸತ್ತು ಸರ್ಕಾರಿ ಕಚೇರಿಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡ. ಜನವರಿ 4ರಂದು ತೀರಿಕೊಂಡ. ಹತ್ತು ದಿನಕ್ಕೆ ಬೆನ್ ಅಲಿ ಓಡಿದ. ಜನವರಿ 25ರಂದು ಕೈರೋ ಎದ್ದಿತು; 18 ದಿನಗಳಲ್ಲಿ ಮುಬಾರಕ್ ಇಳಿದ. ಫೆಬ್ರವರಿಯಲ್ಲಿ ಯೆಮನ್, ಬಹರೈನ್, ಲಿಬಿಯ, ಮೊರಾಕೊ. ಮಾರ್ಚ್ ತಿಂಗಳಲ್ಲಿ ಸಿರಿಯ. ಇಷ್ಟೆಲ್ಲ ನೂರು ದಿನಗಳಲ್ಲಿ ಆದುದನ್ನು ಕಾಕತಾಳೀಯವೆಂದು ಯಾವ ವಿವೇಕಿಯೂ ಹೇಳಲಾರ.

ಆದರೆ ಅದೇ ಪಂಚಾಂಗದ ಇನ್ನೊಂದು ಪುಟವಿದೆ. ಗಣರಾಜ್ಯವೆಂದು ಹೆಸರಿಟ್ಟುಕೊಂಡು ಒಬ್ಬನೇ ಆಳುತ್ತಿದ್ದ ದೇಶಗಳಲ್ಲಿ 2012ರ ಆರಂಭದೊಳಗೆ ನಾಲ್ವರು ಬಿದ್ದರು: ಟುನೀಸಿಯ, ಈಜಿಪ್ಟ್, ಲಿಬಿಯ, ಯೆಮನ್. ಅರಸರಿರುವ ಎಂಟು ಅರಬ್ ದೇಶಗಳಲ್ಲಿ ಒಬ್ಬನೂ ಬೀಳಲಿಲ್ಲ. ಮೊರಾಕೊದ ಅರಸ 2011ರ ಮಾರ್ಚ್‌ನಲ್ಲಿ ಹೊಸ ಸಂವಿಧಾನದ ಮಾತು ಕೊಟ್ಟು, ಜುಲೈಯಲ್ಲಿ ಜನಮತ ಪಡೆದು ಕುರ್ಚಿ ಉಳಿಸಿಕೊಂಡ. ಜೋರ್ಡಾನಿನ ಅರಸ ಪ್ರಧಾನಿಯನ್ನು ಬದಲಾಯಿಸಿದ. ಸೌದಿ ದೊರೆ ಸುಮಾರು 13,000 ಕೋಟಿ ಡಾಲರಿನ ವೇತನ, ವಸತಿ, ಉದ್ಯೋಗಗಳ ಯೋಜನೆ ಘೋಷಿಸಿದ. ಟುನೀಸಿಯದ ಪಕ್ಕದ ಆಲ್ಜೀರಿಯದಲ್ಲಿ ಜನವರಿಯಲ್ಲಿಯೇ ಗಲಭೆಯಾಯಿತು. 19 ವರ್ಷದ ತುರ್ತುಪರಿಸ್ಥಿತಿಯನ್ನು ತೆಗೆದುದರೊಂದಿಗೆ ಅದು ತಣ್ಣಗಾಯಿತು. ಇನ್ನೂ ಮನಕಲಕುವ ಸಂಗತಿಯೊಂದಿದೆ. ಆ ಜನವರಿಯಲ್ಲಿ ಆಲ್ಜೀರಿಯ, ಮಾರಿಟಾನಿಯ, ಈಜಿಪ್ಟುಗಳಲ್ಲಿ ಹಲವರು ಬುಅಜೀಜಿಯಂತೆಯೇ ಬೆಂಕಿ ಹಚ್ಚಿಕೊಂಡರು. ಕೃತ್ಯ ಅದೇ, ನೋವು ಅದೇ. ಆದರೂ ಆಲ್ಜೀರಿಯದಲ್ಲಿಯೂ ಮಾರಿಟಾನಿಯದಲ್ಲಿಯೂ ಪ್ರಭುತ್ವ ಅಲುಗಲಿಲ್ಲ. ಹಿಂದಕ್ಕೆ ಹೋದರೆ, 1977ರಲ್ಲಿ ಈಜಿಪ್ಟಿನಲ್ಲಿ ರೊಟ್ಟಿಯ ಬೆಲೆಗಾಗಿ ದೊಡ್ಡ ದಂಗೆಯಾಯಿತು. 1984ರಲ್ಲಿ ಟುನೀಸಿಯದಲ್ಲಿಯೂ ಅಂಥದೇ ಆಯಿತು. ಆಗ ಯಾವ ನೆರೆಯೂ ಹೊತ್ತಿಕೊಳ್ಳಲಿಲ್ಲ.

ಆಳುವವರ ಮಾತೂ ಈ ಗೊಂದಲಕ್ಕೆ ಒಂದು ನಿದರ್ಶನ. ಬೆನ್ ಅಲಿ ಓಡಿದ ಮೇಲೆ ಅದು ಈಜಿಪ್ಟಿಗೂ ಬರುವುದೆಂಬ ಮಾತು ಅರ್ಥಹೀನವೆಂದು ಅಲ್ಲಿಯ ವಿದೇಶಾಂಗ ಸಚಿವ ಹೇಳಿದ. ಅದೇ ತಿಂಗಳ ಕೊನೆಯಲ್ಲಿ ಸಿರಿಯದ ಬಷರ್ ಅಸದ್ ಅಮೆರಿಕದ ಪತ್ರಿಕೆಯೊಂದಕ್ಕೆ ತನ್ನ ದೇಶದ ಸ್ಥಿತಿ ಬೇರೆಯೆಂದು ಹೇಳಿದ. ಇಬ್ಬರೂ ‘ನಮ್ಮದು ಬೇರೆ’ ಎಂದವರೇ. ಮೊದಲನೆಯವನ ಒಡೆಯ ಒಂದು ತಿಂಗಳೊಳಗೆ ಬಿದ್ದ. ಎರಡನೆಯವನು ಹದಿಮೂರು ವರ್ಷಕ್ಕೂ ಮೀರಿ ನಿಂತ. ‘ಹಬ್ಬಿಯೇ ಹಬ್ಬುತ್ತದೆ’ ಎಂಬುದು ಎಷ್ಟು ಪೊಳ್ಳೋ ‘ನಮ್ಮದು ಬೇರೆ’ ಎಂಬುದೂ ಅಷ್ಟೇ ಪೊಳ್ಳು.

ಹಾಗಾದರೆ ಗಡಿ ದಾಟಿದ ವಸ್ತು ಯಾವುದು? ನನ್ನ ಮಟ್ಟಿಗೆ ಅದಕ್ಕೆ ಉತ್ತರ ಒಂದು ಘೋಷಣೆಯಲ್ಲಿದೆ. ಟುನೀಸಿಯದಲ್ಲಿ ಕೇಳಿಬಂದು ಕೈರೋ, ಸನಾ, ಮನಾಮ, ದರಾ ಎಲ್ಲೆಡೆಯೂ ಮೊಳಗಿದ ಆ ಘೋಷಣೆಯ ಅರ್ಥ ಇಷ್ಟೇ: ಈ ಆಳ್ವಿಕೆ ಉರುಳಲೆಂದು ಜನ ಬಯಸುತ್ತಾರೆ. ವ್ಯಾಕರಣದ ಕಣ್ಣಿನಿಂದ ಇದನ್ನು ನೋಡಬೇಕು. ಇದು ಬೇಡಿಕೆಯಲ್ಲ, ಮನವಿಯಲ್ಲ, ಬೈಗುಳವೂ ಅಲ್ಲ. ಪ್ರಭುವನ್ನು ಉದ್ದೇಶಿಸಿ ಆಡಿದ ಮಾತೇ ಅಲ್ಲ. ‘ಜನ’ ಎಂಬುದು ಕರ್ತೃ, ‘ಬಯಸು’ ಎಂಬುದು ಕ್ರಿಯೆ. ಇದುವರೆಗೆ ಕರ್ಮಸ್ಥಾನದಲ್ಲಿಯೇ ಇದ್ದವರು ಒಮ್ಮೆಗೇ ಕರ್ತೃಸ್ಥಾನಕ್ಕೆ ಬಂದುಬಿಟ್ಟರು.

ಈ ಎರಡು ಪದಗಳ ಹಿಂದೆ ಒಬ್ಬ ಕವಿಯಿದ್ದಾನೆ. ಟುನೀಸಿಯದ ಅಬುಲ್ ಕಾಸಿಮ್ ಅಲ್ ಶಾಬ್ಬಿ 1909ರಲ್ಲಿ ಹುಟ್ಟಿ 1934ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡವನು. ಫ್ರೆಂಚರ ಆಡಳಿತದ ಕಾಲದಲ್ಲಿ ಅವನು ಬರೆದ ‘ಬದುಕುವ ಸಂಕಲ್ಪ’ ಎಂಬರ್ಥದ ಕವಿತೆ ಆರಂಭವಾಗುವುದೇ ಈ ಜನ, ಈ ಬಯಕೆಗಳಿಂದ. ಅದರ ಮೊದಲ ಪದ್ಯಗಳು ಟುನೀಸಿಯದ ರಾಷ್ಟ್ರಗೀತೆಯ ಕೊನೆಗೆ ಸೇರಿವೆ. ಆ ಗೀತೆಯ ಉಳಿದ ಭಾಗ ಈಜಿಪ್ಟಿನ ಮುಸ್ತಫಾ ಸಾದಿಕ್ ಅಲ್ ರಾಫಿಇ ಎಂಬ ಸಾಹಿತಿಯದು. ಎಂದರೆ ಕವಿವಾಣಿ ಈ ಗಡಿಗಳನ್ನು 2011ಕ್ಕೆ ಎಷ್ಟೋ ಮುಂಚೆಯೇ ದಾಟಿತ್ತು. ಘೋಷಣೆ ರಚಿತವಾದ ಭಾಷೆಯೂ ಗಮನಾರ್ಹ. ಟುನೀಸಿಯದ ಆಡುಮಾತು ಯೆಮನಿನವನಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಆದರೆ ಘೋಷಣೆ ಇದ್ದುದು ಗ್ರಂಥಸ್ಥ ಅರಬ್ಬಿಯಲ್ಲಿ, ಎಲ್ಲರೂ ಶಾಲೆಯಲ್ಲಿ ಕಲಿತ ಭಾಷೆಯಲ್ಲಿ. ದೋಹಾದಿಂದ 1996ರಲ್ಲಿ ಆರಂಭವಾದ ಅಲ್ ಜಜೀರಾ ದೂರದರ್ಶನ ವಾಹಿನಿ ಅದನ್ನು ಮನೆಮನೆಗೆ ಒಯ್ದಿತು. ಬಹರೈನಿನ ಸರದಿ ಬಂದಾಗ ಅದೇ ವಾಹಿನಿಯ ಉತ್ಸಾಹ ಬಹಳ ಇಳಿಯಿತೆಂಬುದನ್ನೂ ಹೇಳಬೇಕು. ಅದರ ಖರ್ಚು ನಡೆಸುತ್ತಿದ್ದುದು ಇನ್ನೊಂದು ಅರಸೊತ್ತಿಗೆ.

ಒಬ್ಬ ಬಡ ವ್ಯಾಪಾರಿಯ ಸಂಕಟ ಸಾವಿರಾರು ಮೈಲಿ ಆಚೆಯವರ ಸಂಕಟವಾದುದು ಹೇಗೆ? ನಮ್ಮ ಕಾವ್ಯಮೀಮಾಂಸಕರು ಬೇರೊಂದು ಸಂದರ್ಭದಲ್ಲಿ ಇಂಥದೇ ಪ್ರಶ್ನೆ ಕೇಳಿಕೊಂಡಿದ್ದರು. ರಂಗದ ಮೇಲಿನ ರಾಮನ ದುಃಖ ನೋಡುವವನಿಗೇಕೆ ತಾಗಬೇಕು? ಅನುಕರಣದಿಂದ ಎಂದು ಶಂಕುಕ ಹೇಳಿದ. ಆ ಮಾತು ನಿಲ್ಲಲಿಲ್ಲ. ಭಟ್ಟನಾಯಕ ಸಾಧಾರಣೀಕರಣವೆಂದ: ಭಾವ ಒಬ್ಬನ ಸ್ವತ್ತಾಗಿರುವುದನ್ನು ಬಿಟ್ಟು ಎಲ್ಲರದೂ ಆಗುತ್ತದೆ. ಅಭಿನವಗುಪ್ತ ಇದನ್ನು ಒಪ್ಪಿ, ನೋಡುವವನ ಎದೆಯಲ್ಲಿ ಆ ಭಾವದ ವಾಸನೆ ಮೊದಲೇ ಇರಬೇಕೆಂಬುದನ್ನು ಒತ್ತಿ ಹೇಳಿದ. ವಾಸನೆಯಿಲ್ಲದವನು ರಂಗಮಂದಿರದ ಕಂಬದಂತೆ ಕುಳಿತಿರುತ್ತಾನೆ.

ಈ ದೀಪವನ್ನು ಹಿಡಿದು ನೋಡಿದರೆ 2011 ಸ್ವಲ್ಪ ಸ್ಪಷ್ಟವಾಗುತ್ತದೆ. ಕೈರೋ ನಗರಕ್ಕೆ ಟುನೀಸಿಯದ ಕಿಡಿ ಬೀಳುವ ಮೊದಲೇ ಮಹಲ್ಲಾದ ಬಟ್ಟೆ ಗಿರಣಿ ಕೆಲಸಗಾರರ 2008ರ ಹೋರಾಟವಿತ್ತು. ಪೊಲೀಸರ ಹೊಡೆತಕ್ಕೆ 2010ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸತ್ತ ಖಾಲಿದ್ ಸಯೀದ್ ಎಂಬ ತರುಣನ ನೆನಪಿತ್ತು. ಟುನೀಸಿಯದಲ್ಲಿಯೂ ಗಫ್ಸಾ ಗಣಿ ಪ್ರದೇಶದ 2008ರ ಬಂಡಾಯವಿತ್ತು. ಲಿಬಿಯದ ಬೆಂಗಾಜಿಯಲ್ಲಿ ಜನ ಎದ್ದುದು ಒಬ್ಬ ವಕೀಲನ ಬಂಧನದ ಕಾರಣದಿಂದ. ಅವನು 1996ರಲ್ಲಿ ಅಬು ಸಲೀಮ್ ಸೆರೆಮನೆಯಲ್ಲಿ ಕೊಲೆಯಾದ ಖೈದಿಗಳ ಮನೆಯವರ ಪರವಾಗಿ ವಾದಿಸುತ್ತಿದ್ದವನು. ಸಿರಿಯದ ದರಾದಲ್ಲಿ ಎದ್ದುದು ಗೋಡೆಯ ಮೇಲೆ ಬರೆದ ಶಾಲಾಹುಡುಗರನ್ನು ಹಿಡಿದೊಯ್ದು ಹಿಂಸಿಸಿದುದಕ್ಕಾಗಿ. ಮಾತು ಹೊರಗಿನಿಂದ ಬಂದಿತು, ಗಾಯ ಮನೆಯದೇ. ಹೊರಗಿನಿಂದ ಬಂದುದು ‘ಇದು ಸಾಧ್ಯ’ ಎಂಬ ಒಂದೇ ಒಂದು ತಿಳಿವಳಿಕೆ.

ವಾಸನೆ ಧೈರ್ಯದ್ದೇ ಆಗಬೇಕೆಂಬ ನಿಯಮವೂ ಇಲ್ಲ. 1990ರ ದಶಕದ ಅಂತರ್ಯುದ್ಧದಲ್ಲಿ ಲಕ್ಷಕ್ಕೂ ಮೀರಿದ ಜನರನ್ನು ಕಳೆದುಕೊಂಡ ಆಲ್ಜೀರಿಯದವನಿಗೆ ಟುನೀಸಿಯದ ಸುದ್ದಿ ಬೇರೆಯೇ ಧ್ವನಿಯನ್ನು ಕೊಟ್ಟಿರಬೇಕು. ಸಿರಿಯದ ಖಾಲಿದ್ ಖಲೀಫಾನ ‘ದ್ವೇಷದ ಹೊಗಳಿಕೆ’ ಎಂಬರ್ಥದ ಕಾದಂಬರಿ 2006ರಲ್ಲಿ ಬಂದುದು. ಸಿರಿಯದಲ್ಲಿ ಅದಕ್ಕೆ ನಿಷೇಧವಿತ್ತು. 1980ರ ಸುಮಾರಿನ ಅಲೆಪ್ಪೋ ನಗರದ ಒಂದು ಮನೆಯಲ್ಲಿ ಬೆಳೆಯುವ ಹುಡುಗಿಯ ಬಾಯಲ್ಲಿ ಕಥೆ ಸಾಗುತ್ತದೆ. ಆ ದಂಗೆ 1982ರಲ್ಲಿ ಹಮಾ ನಗರದ ಸಾವಿರಾರು ಜನರ ಹತ್ಯೆಯೊಂದಿಗೆ ಮುಗಿದಿತ್ತು. ಕಾದಂಬರಿಯ ಹೆಚ್ಚುಗಾರಿಕೆ ಇರುವುದು ಹಿಂಸೆಯ ವರ್ಣನೆಯಲ್ಲಲ್ಲ. ಭಯ ಮತ್ತು ದ್ವೇಷಗಳು ಮನೆಯ ಪರದೆ, ಹಾಸಿಗೆ, ಊಟದ ತಟ್ಟೆಗಳ ನಡುವೆ ಹೇಗೆ ವಾಸಮಾಡುತ್ತವೆಂದು ತೋರಿಸುವುದರಲ್ಲಿ. ಇದನ್ನು ಓದಿದವನು ಸಿರಿಯದ ಜನ ಏಕೆ ತಡವಾಗಿ ಎದ್ದರೆಂದು ಕೇಳುವುದಿಲ್ಲ. ಎದ್ದರಲ್ಲ ಎಂದು ಬೆರಗಾಗುತ್ತಾನೆ.

ದಂಗೆ ಗಡಿ ದಾಟುತ್ತದೆಯೆ ಎಂದು ಚರ್ಚಿಸುವವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ದಮನವೂ ಗಡಿ ದಾಟುತ್ತದೆ. ಅದೂ ಹೆಚ್ಚು ಸಲೀಸಾಗಿ. ಲಿಬಿಯದ ಹಿಶಾಮ್ ಮತಾರ್ ಬರೆದ ‘ದಿ ರಿಟರ್ನ್’ 2016ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಗಡಾಫಿಯ ವಿರೋಧಿಯಾಗಿದ್ದ ಅವನ ತಂದೆ ಕೈರೋದಲ್ಲಿ ನೆಲೆಸಿದ್ದರು. 1990ರಲ್ಲಿ ಅವರನ್ನು ಅಲ್ಲಿಂದಲೇ ಹಿಡಿದು ಲಿಬಿಯಕ್ಕೆ ಒಪ್ಪಿಸಲಾಯಿತು. ಅಬು ಸಲೀಮಿನಲ್ಲಿ ಇಟ್ಟರು. ಆ ಮೇಲೆ ಏನಾದರೆಂಬುದು ಮಗನಿಗೆ ಇಂದಿಗೂ ಖಚಿತವಾಗಿ ತಿಳಿಯದು. ಗಡಾಫಿ ಬಿದ್ದ ಮೇಲೆ, 2012ರಲ್ಲಿ ಊರಿಗೆ ಮರಳಿದ ಮಗ ತಂದೆಯನ್ನು ಹುಡುಕುವ ಕಥನ ಅದು. ಇಲ್ಲಿ ನೆರೆಹೊರೆಯ ಇಬ್ಬರು ನಿರಂಕುಶರ ನಡುವೆ ಗಡಿ ಎಂಬುದು ಒಂದು ಬಾಗಿಲಷ್ಟೆ. ಇನ್ನು ಅಬ್ದುಲ್ ರಹಮಾನ್ ಮುನೀಫನ ‘ಮೆಡಿಟರೇನಿಯನ್ನಿನ ಪೂರ್ವಕ್ಕೆ’ ಎಂಬರ್ಥದ 1975ರ ಕಾದಂಬರಿ ರಜಬ್ ಎಂಬ ರಾಜಕೀಯ ಖೈದಿಯ ಕಥೆ. ಅವನ ದೇಶಕ್ಕೆ ಮುನೀಫ್ ಹೆಸರನ್ನೇ ಇಡಲಿಲ್ಲ. ಸೌದಿ ತಂದೆ, ಇರಾಕಿ ತಾಯಿ, ಹುಟ್ಟಿದ್ದು ಜೋರ್ಡಾನಿನಲ್ಲಿ, 1963ರಲ್ಲಿ ಸೌದಿ ಪೌರತ್ವ ಕಳೆದುಕೊಂಡು, 2004ರಲ್ಲಿ ದಮಸ್ಕಸ್ಸಿನಲ್ಲಿ ತೀರಿಕೊಂಡ ಈ ಲೇಖಕನಿಗೆ ಹೆಸರಿಡುವ ಅಗತ್ಯವೂ ಕಂಡಿರಲಾರದು. ಸೆರೆಮನೆ ಎಲ್ಲ ಕಡೆಯೂ ಒಂದೇ ಎಂದು ಸಾಹಿತ್ಯ ಹೇಳಿ ಮೂವತ್ತಾರು ವರ್ಷದ ಮೇಲೆ ಬೀದಿ ಅದನ್ನು ಹೇಳಿತು.

ಇಷ್ಟಾದ ಮೇಲೆ ನನ್ನ ಶಾಸ್ತ್ರ ಎಲ್ಲಿ ನಿಲ್ಲುತ್ತದೆಂಬುದನ್ನೂ ಒಪ್ಪಿಕೊಳ್ಳಬೇಕು. ರಂಗಮಂದಿರದಲ್ಲಿ ಕಣ್ಣೀರಿಟ್ಟವನು ಮನೆಗೆ ಹೋಗಿ ಊಟಮಾಡುತ್ತಾನೆ; ಬೀದಿಗಿಳಿದವನಿಗೆ ಗುಂಡು ತಗಲುತ್ತದೆ. ಜನ ಏಕೆ ಎದ್ದರು ಎಂಬುದಕ್ಕೆ ಸಾಧಾರಣೀಕರಣ ಉತ್ತರ ಕೊಟ್ಟೀತು. ಎದ್ದ ಮೇಲೆ ಏನಾಯಿತು ಎಂಬುದಕ್ಕೆ ಕೊಡಲಾರದು. ಅದನ್ನು ನಿರ್ಧರಿಸಿದುದು ಒರಟು ಸಂಗತಿಗಳು: ಸೈನ್ಯ ಯಾರ ಕಡೆ, ಬೊಕ್ಕಸದಲ್ಲಿ ಎಷ್ಟು, ಹೊರಗಿನ ಮಿತ್ರರು ಯಾರು. ಟುನೀಸಿಯ ಈಜಿಪ್ಟುಗಳ ಸೈನ್ಯ ಅಧ್ಯಕ್ಷನಿಗಾಗಿ ತನ್ನನ್ನು ಬಲಿಕೊಡಲು ಒಪ್ಪಲಿಲ್ಲ. ಸಿರಿಯದ ಸೇನಾಧಿಕಾರಿಗಳಲ್ಲಿ ಮುಖ್ಯರಾದವರು ಅಸದ್ ಮನೆತನಕ್ಕೆ ರಕ್ತದಿಂದಲೂ ಪಂಥದಿಂದಲೂ ಕಟ್ಟುಬಿದ್ದವರು. ಗಡಾಫಿ ಬಿದ್ದುದು ನೇಟೋ ವಿಮಾನಗಳ ನೆರವಿನಿಂದ. ಬಿದ್ದ ಮೇಲಿನ ಕಥೆಯೂ ಒಂದೇ ಬಗೆಯದಲ್ಲ. ಈಜಿಪ್ಟಿನಲ್ಲಿ 2013ರಲ್ಲಿ ಸೈನ್ಯವೇ ಮರಳಿ ಬಂದಿತು. ಲಿಬಿಯ ಯೆಮನ್‌ಗಳು ಅಂತರ್ಯುದ್ಧಕ್ಕೆ ಬಿದ್ದವು. ಎಲ್ಲರೂ ಮಾದರಿಯೆಂದು ಹೊಗಳಿದ ಟುನೀಸಿಯದಲ್ಲಿ 2021ರಲ್ಲಿ ಅಧ್ಯಕ್ಷನೇ ಸಂಸತ್ತಿಗೆ ಬೀಗ ಹಾಕಿದ.

ಆದರೂ ಪಾಠ ವ್ಯರ್ಥವಾಗಲಿಲ್ಲವೆಂದು 2019 ತೋರಿಸಿತು. ತಣ್ಣಗಾಯಿತೆಂದುಕೊಂಡ ಆಲ್ಜೀರಿಯ ಎಂಟು ವರ್ಷದ ಮೇಲೆ ಎದ್ದು ಬೂತಫ್ಲಿಕಾನನ್ನು ಏಪ್ರಿಲ್ 2ರಂದು ಇಳಿಸಿತು. ಒಂಬತ್ತು ದಿನಕ್ಕೆ ಸುಡಾನಿನಲ್ಲಿ ಮೂವತ್ತು ವರ್ಷ ಆಳಿದ ಬಷೀರ್ ಬಿದ್ದ. ಅಕ್ಟೋಬರಿನಲ್ಲಿ ಇರಾಕ್ ಮತ್ತು ಲೆಬನಾನ್ ಎದ್ದವು. ಘೋಷಣೆಗಳು ಮಾತ್ರ ಬದಲಾಗಿದ್ದವು. ಆಲ್ಜೀರಿಯದವರು ತಮ್ಮ ಆಡುಮಾತಿನಲ್ಲಿ ‘ಎಲ್ಲರೂ ತೊಲಗಲಿ’ ಎಂದರು. ಲೆಬನಾನಿನವರು ‘ಎಲ್ಲರೂ ಎಂದರೆ ಎಲ್ಲರೂ’ ಎಂದರು. ಒಬ್ಬನು ಹೋದರೆ ಸಾಲದೆಂಬುದು ಈಜಿಪ್ಟಿನಿಂದ ಕಲಿತ ಪಾಠ. ಕಿಚ್ಚು ಪಾಠ ಕಲಿಯುವುದಿಲ್ಲ, ಮನುಷ್ಯ ಕಲಿಯುತ್ತಾನೆ. ದುರ್ದೈವವೆಂದರೆ ಸೇನಾಪತಿಗಳೂ ಕಲಿಯುತ್ತಾರೆ. ಸುಡಾನಿನ ಇಬ್ಬರು ಸೇನಾನಾಯಕರು 2023ರ ಏಪ್ರಿಲಿನಲ್ಲಿ ತಮ್ಮೊಳಗೆ ಯುದ್ಧ ಹೂಡಿದರು. ಮೂಲಿಕೆ ಮಾರಲು ಅಷ್ಟು ದೂರ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಾಗಲೇ ನಮ್ಮಲ್ಲಿ ಅನೇಕರು ಸುಡಾನ್ ಎಲ್ಲಿದೆಯೆಂದು ಭೂಪಟದಲ್ಲಿ ಹುಡುಕಿದುದು. ಅವರನ್ನು ಕರೆತಂದ ಕಾರ್ಯಾಚರಣೆಗೆ ಕಾವೇರಿ ಎಂದೇ ಹೆಸರಿತ್ತು.

ಕೊನೆಗೆ ಸಿರಿಯ. 2024ರ ಡಿಸೆಂಬರ್ 8ರಂದು ಅಸದ್ ಮಾಸ್ಕೋ ನಗರಕ್ಕೆ ಓಡಿದ. ಆಗ ಅಕ್ಕಪಕ್ಕದಲ್ಲಿ ಹಬ್ಬಿಬರುವಂಥ ಜನರ ದಂಗೆ ಯಾವುದೂ ಇರಲಿಲ್ಲ. ಉತ್ತರದಿಂದ ಶಸ್ತ್ರಧಾರಿ ಪಡೆಗಳು ನುಗ್ಗಿದವು. ಅವನನ್ನು ಎತ್ತಿಹಿಡಿದಿದ್ದ ಹೊರಗಿನ ಕೈಗಳು ಬೇರೆ ಯುದ್ಧಗಳಲ್ಲಿ ದಣಿದಿದ್ದವು. ಹದಿಮೂರು ವರ್ಷ ನಿಂತ ಗೋಡೆ ಹನ್ನೆರಡು ದಿನದಲ್ಲಿ ಬಿದ್ದಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ನನ್ನ ‘ಒಂದು ವರ್ಷ’ದ ಲೆಕ್ಕವನ್ನು ಆ ದಿನ ನೆನೆದು ನಾಚಿದೆ.

ಆ ಹುಡುಗ ಈಗ ಸಿಕ್ಕಿ ಅದೇ ಪ್ರಶ್ನೆ ಕೇಳಿದರೆ ಹೀಗೆ ಹೇಳಿಯೇನು: ದಂಗೆ ಹಬ್ಬುವುದಿಲ್ಲಪ್ಪ, ಅದರ ಸುದ್ದಿ ಹಬ್ಬುತ್ತದೆ. ಸುದ್ದಿ ಕೇಳಿದವರು ತಮ್ಮ ಮನೆಯ ಗಾಯ ಮುಟ್ಟಿನೋಡಿಕೊಂಡು, ಏಳಬೇಕೆ ಬೇಡವೆ ಎಂದು ತಾವೇ ನಿರ್ಧರಿಸುತ್ತಾರೆ. ಎದ್ದವರು ಗೆಲ್ಲುವರೆಂಬ ಭರವಸೆಯನ್ನು ಯಾವ ಶಾಸ್ತ್ರವೂ ಕೊಡಲಾರದು. ಅವರನ್ನು ಮರವೆಂದೂ ರೋಗಿಯೆಂದೂ ಕರೆಯದಿರುವ ಮರ್ಯಾದೆಯನ್ನಾದರೂ ಇಷ್ಟು ದೂರದಲ್ಲಿ ಕಾಫಿ ಕುಡಿಯುತ್ತ ಓದುವ ನಾವು ತೋರಿಸಬಹುದು. ಮರುವರ್ಷ ರೂಪಕದ ಪಾಠಕ್ಕೆ ನಾನು ಬೇರೆ ಉದಾಹರಣೆ ಹುಡುಕಿಕೊಂಡೆ.